ಕ್ರಮಸಂಖ್ಯೆ ೪೧೧೭

ಪುಸ್ತಕ ಕೊಡಿ ಎಂದು ಬೋರ್ಡು ಬರೆಸಿದ್ದು ನಾವು.
ಕಾಗದನಗರದ ಜನ ತಂದದ್ದು ಬೇರೆ:
ಒಂದು ಸೀಲಿಂಗ್ ಫ್ಯಾನು, ರೆಕ್ಕೆ ಎರಡೇ,
ಹನ್ನೊಂದು ವರ್ಷದ ಪಂಚಾಂಗ, ದಾರದಲ್ಲಿ ಪೋಣಿಸಿ,
ಕ್ವಾರ್ಟರ್ಸ್ ಖಾಲಿ ಮಾಡುವ ಅವಸರದಲ್ಲಿ ಯಾರದೋ
ಮದುವೆ ಆಲ್ಬಮ್ಮು.
(ವಾಪಸು ಕಳಿಸಲು ವಿಳಾಸ ಹುಡುಕುತ್ತಲೇ ಇದ್ದೇನೆ.
ಮದುಮಗಳು ನಗುತ್ತಿಲ್ಲ.)

ಕಾಗದ ಮಾಡುತ್ತಿದ್ದ ಊರಲ್ಲಿ ಪುಸ್ತಕ ಬೇಡೋದು
ಹೊಳೆ ದಂಡೇಲಿ ಚೊಂಬು ಹಿಡಿದು ನೀರು ಕೇಳಿದ ಹಾಗೆ
ಅಂದ ಸೆಲ್ವರಾಜ, ಪೇಪರ್ ಮಡಿಸುತ್ತಾ.
ಮಿಲ್ಲಿನ ಸೈರನ್ ನಿಂತಮೇಲೆ
ಅವನ ಗಡಿಯಾರ ನಮ್ಮ ಗ್ರಂಥಾಲಯದ ಬಾಗಿಲು:
ಎಂಟೂವರೆಗೆ ತೆಗೆಯೋದು, ಹನ್ನೊಂದೂವರೆಗೆ ಹಾಕೋದು,
ಮತ್ತೆ ನಾಲ್ಕು.

ಕನ್ನಡಕದ ಡಬ್ಬಿ ಇಟ್ಟದ್ದು ನನ್ನ ಹುಚ್ಚು.
ಮೇಜಿಗೆ ಬಂದವರು
ಪೇಪರನ್ನು ಮಾರುದೂರ ಹಿಡಿದು, ಕತ್ತು ಹಿಂದಕ್ಕೆಳೆದು
ನಿಧನವಾರ್ತೆಯ ಫೋಟೋ ಮಾತ್ರ ನೋಡಿ ಎದ್ದು ಹೋಗೋದನ್ನ
ಎಷ್ಟು ದಿನ ಅಂತ ನೋಡೋದು?
ಬಿಸ್ಕತ್ತಿನ ಡಬ್ಬಿಗೆ ಬಿಳಿ ಕಾಗದ ಅಂಟಿಸಿ ಬರೆದೆ:
ನಿಮಗೆ ಬೇಡವಾದ ಕನ್ನಡಕ ಇಲ್ಲಿ ಹಾಕಿ.
ಬೇಕಾದವರು ಹಾಕಿ ನೋಡಿ.

ವಹಿಯಲ್ಲಿ ಕನ್ನಡಕಕ್ಕೆ ಕಾಲಂ ಇಲ್ಲ.
ಲೇಖಕರು ಅನ್ನುವಲ್ಲಿ ಕೊಟ್ಟವರ ಹೆಸರು,
ಶೀರ್ಷಿಕೆಯಲ್ಲಿ 'ಪ್ಲಸ್ ಎರಡು, ಕಪ್ಪು ಫ್ರೇಮು',
ಪುಟಗಳ ಸಂಖ್ಯೆಗೆ ಏನು ಬರೆಯಲಿ, ಗೆರೆ ಎಳೆದೆ.

ಮೊದಲ ವಾರ ಕಸ ಗುಡಿಸುವ ಹನುಮಕ್ಕ
ಒಂಬತ್ತು ಜೊತೆ ಹಾಕಿ ಹಾಕಿ ತೆಗೆದಳು.
ಹತ್ತನೆಯದಕ್ಕೆ ಗೋಡೆ ಕಡೆ ತಿರುಗಿ
ಇಡೀ ಹಾಲಿಗೆ ಕೇಳುವಂತೆ ಕೂಗಿ ಓದಿದಳು:
"ನಿ-ಶ್ಶ-ಬ್ದ-ವಾ-ಗಿ-ರಿ!"
ಆರು ವರ್ಷ ಅದೇ ಬೋರ್ಡಿನ ಧೂಳು ಒರೆಸಿದವಳು.
"ಇದನ್ನಾ ಬರೆದಿರೋದು?
ನಾನು ಯಾವುದೋ ದೇವರ ಹೆಸರು ಅಂದ್ಕೊಂಡಿದ್ದೆ."

ಹೇಳಹೊರಟಿದ್ದು ೪೧೧೭ರ ಬಗ್ಗೆ.

ಕೊಟ್ಟವರು: ಜುಲೇಖಾಬಿ, ಜನ್ನಾಪುರ.
ಗಂಡ ದಸ್ತಗೀರ್ ಸಾಹೇಬರದ್ದು, ಬಾಯ್ಲರ್ ಸೆಕ್ಷನ್ನು.
ಎಡಗಡೆ ಕಡ್ಡಿಗೆ ಹಸಿರು ನೂಲು ಸುತ್ತಿತ್ತು.
ಡಬ್ಬಿಗೆ ಹಾಕದೆ ನನ್ನ ಕೈಗೇ ಕೊಟ್ಟು
"ರಕ್ತ ಕೊಟ್ಟರೆ ಯಾರಿಗೆ ಹೋಯ್ತು ಅಂತ ಹೇಳಲ್ವಂತೆ,
ಇದೂ ಹಂಗೇ ಇರಲಿ" ಅಂದಳು.

ಮೂರನೇ ದಿನ ಪುಟ್ಟಾಚಾರಿ ಒಯ್ದ.

ಆಮೇಲೆ ಆಕೆ ಪ್ರತಿ ಶನಿವಾರ ಬರತೊಡಗಿದಳು.
ಮಕ್ಕಳ ವಿಭಾಗದ ಗಿಡ್ಡ ಕುರ್ಚಿಯಲ್ಲಿ ಕೂತು
ತೊಡೆ ಮೇಲೆ ಅಡುಗೆ ಪುಸ್ತಕ, ಯಾವಾಗಲೂ ಒಂದೇ ಪುಟ.
ಎದುರು ಮೇಜಲ್ಲಿ ಪುಟ್ಟಾಚಾರಿ
ಮಾರುಕಟ್ಟೆ ಧಾರಣೆ ಓದುತ್ತಾನೆ, ಒಂದು ಗುಂಟೆ ಜಮೀನಿಲ್ಲದವನು,
ಶುಂಠಿ ಇಳಿದರೆ ಹಣೆ ಹಿಡಿದುಕೊಳ್ಳುತ್ತಾನೆ.

ನಾನು ಹೇಳಲಿಲ್ಲ.
ಹೇಳಬೇಡ ಅಂದವಳು ಆಕೆಯೇ.

ಆರನೇ ಶನಿವಾರವೋ ಏಳನೆಯದೋ
ಎದ್ದು ಹೋಗಿ ಅವನ ಮುಂದೆ ನಿಂತಳು.
"ತೆಗೀರಿ ಸ್ವಲ್ಪ."
ಗಾಬರಿಬಿದ್ದು ತೆಗೆದ.
ನೂಲು ಬಿಚ್ಚಿ ಅಲ್ಲಿ ತಾಮ್ರದ ತಂತಿ ಬಿಗಿದಿದ್ದ,
ಆಚಾರಿ ಕೆಲಸ, ಅಚ್ಚುಕಟ್ಟು.
"ಇದು ಕಿವಿ ಹಿಂದೆ ಕೊರೆಯುತ್ತೆ, ಹುಣ್ಣಾಗುತ್ತೆ."
ತಂತಿ ಬಿಡಿಸಿದಳು. ಚೀಲದಿಂದ ನೂಲಿನ ಉಂಡೆ ತೆಗೆದಳು.
(ಹಾಗಾದರೆ ಪ್ರತಿ ವಾರ ತರುತ್ತಿದ್ದಳೆ?)
ಹಸಿರೇ.
ಸುತ್ತಿ, ಹಲ್ಲಲ್ಲಿ ಕಡಿದು,
ದುಪಟ್ಟಾದ ತುದಿಯಲ್ಲಿ ಗಾಜು ಒರೆಸಿ, ಬೆಳಕಿಗೆ ಹಿಡಿದು,
ಮತ್ತೊಮ್ಮೆ ಒರೆಸಿ ಕೊಟ್ಟಳು.

ಪುಟ್ಟಾಚಾರಿ ಎರಡೂ ಕೈಯಲ್ಲಿ ಇಸಕೊಂಡ.
ತಂತಿ ಮಡಿಸಿ ಜೇಬಿಗೆ ಹಾಕಿದ.
ಶುಂಠಿ ಚೀಲಕ್ಕೆ ನೂರು ರೂಪಾಯಿ ಏರಿತ್ತು,
ಯಾರಿಗೂ ಹೇಳಲಿಲ್ಲ.

ಅದರ ಮುಂದಿನ ಶನಿವಾರ ಗಿಡ್ಡ ಕುರ್ಚಿ ಖಾಲಿ.
ಅಡುಗೆ ಪುಸ್ತಕ ಈಗ
ಎಲ್ಲಿ ತೆರೆದರೂ ಆ ಪುಟಕ್ಕೇ ಬೀಳುತ್ತದೆ:
ಒಬ್ಬರಿಗೆ ಗಂಜಿ ಮಾಡುವ ಬಗೆ.

ಮಾರ್ಚಿಯಲ್ಲಿ ಆಡಿಟ್ಟು.
೪೧೧೭ರ ಪಕ್ಕ ಕೆಂಪು ಶಾಯಿ:
ಪುಟಗಳೆಷ್ಟು? ಬೆಲೆ? ಈಗ ಎಲ್ಲಿದೆ?
ಮೊದಲೆರಡಕ್ಕೆ ಉತ್ತರ ಇನ್ನೂ ಹೊಳೆದಿಲ್ಲ.
ಮೂರನೆಯದಕ್ಕೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ:
ಎರವಲು ಹೋಗಿದೆ.
ಬಾಗಿಲ ಹತ್ತಿರದ ಮೇಜು, ಎಡಗಡೆ ಕುರ್ಚಿ.