ಮೂವತ್ತೆರಡನೆಯ ಕಾರ್ಡು

ಮೂವತ್ತೊಂದು ಮುಗಿದಿತ್ತು.
ಮಾಟಗಾತಿ, ಮರುಳ, ಹಾದಿ ತಪ್ಪಿದ ರಾಜಕುವರ,
ಸುಳ್ಳನ್ನು ಸಕ್ಕರೆಪಾಕದಲ್ಲದ್ದಿ ಮಾರುವ ವ್ಯಾಪಾರಿ,
ಎಲ್ಲರೂ ಮೇಜಿನ ಮೇಲೆ ಒಣಗುತ್ತಿದ್ದರು
ಸ್ವಾನ್ಸೀಯ ಈ ಬಾಡಿಗೆ ಅಟ್ಟದಲ್ಲಿ,
ಹೀಟರಿನ ಕಡೆಗೆ ಮುಖ ಮಾಡಿ.
ಉಳಿದವನು ಒಬ್ಬ: ಹೊಸ್ತಿಲು ಕಾಯುವವ.

ಶಾಲೆಯ ಮಕ್ಕಳು ಕಥೆ ಕಟ್ಟುವ ಆಟದ ಕಾರ್ಡುಗಳು ಇವು.
"ಹಿಂದಿನ ಬೆಂಚಿನ ಹುಡುಗಿಗೆ, ಕನ್ನಡಕ ಮರೆತು ಬಂದವಳಿಗೆ,
ಒಂದೇ ನೋಟಕ್ಕೆ ಗೊತ್ತಾಗಬೇಕು," ಎಂದಿದ್ದಳು ಹಿಲರಿ ಪ್ರಾಬರ್ಟ್.
"ಕೆಟ್ಟವನಲ್ಲ. ಒಳ್ಳೆಯವನು ಅಂತಲೂ ಅಲ್ಲ.
ತಡೆಯುತ್ತಾನೆ, ಒಂದು ಪ್ರಶ್ನೆ ಕೇಳುತ್ತಾನೆ, ಅಷ್ಟೇ."

ಮೊದಲು ಬರೆದದ್ದು ನಮ್ಮೂರ ಗುಡಿಯ ದ್ವಾರಪಾಲಕನನ್ನೇ:
ಗದೆಗೆ ಕಾಲು ಆನಿಸಿ, ಕೋರೆಹಲ್ಲು ಇಣುಕಿಸಿ,
ತೋರುಬೆರಳೆತ್ತಿ ನಿಂತ ಕಲ್ಲಿನ ಆಳು.
"ಇದು ರಾಕ್ಷಸ. ಹದಿನಾಲ್ಕನೇ ಕಾರ್ಡಿನಲ್ಲಿ ಆಗಲೇ ಇದ್ದಾನೆ."
ಹಲ್ಲು ಕಿತ್ತೆ, ಟೋಪಿ ಹಾಕಿದೆ.
"ಇದು ಪೊಲೀಸು. ಕೆಲವು ಮನೆಯ ಮಕ್ಕಳು ಅಳುತ್ತಾರೆ."
ಆಳನ್ನೇ ಅಳಿಸಿ ಬರಿ ಬಾಗಿಲು ಬರೆದೆ;
ಕೀಲು, ಚಿಲಕ, ಬೀಗದ ಕಣ್ಣೊಳಗಿನ ಕತ್ತಲೆ, ಮೂರು ದಿನದ ಕೆಲಸ.
"ಚಂದದ ಬಾಗಿಲು, ವಾಗ್ದೇವಿ. ಆದರೆ ಯಾರಿದು?"

ಆ ವಾರ ನನಗೆ ಇನ್ನೊಂದು ಕೆಲಸವಿತ್ತು.
ಎಡಗಂಕುಳ ಕೆಳಗೆ, ಹುಣಿಸೆಬೀಜದಷ್ಟು,
ಬೆರಳಿಗೆ ಸಿಕ್ಕಿ ಜಾರುವ ಒಂದು ಗಂಟು.
ಯಾರಿಗೂ ಹೇಳಿರಲಿಲ್ಲ. ಕನ್ನಡಿಗೂ
ಬಟ್ಟೆ ತೊಟ್ಟ ಮೇಲೆಯೇ ಎದುರಾಗುತ್ತಿದ್ದೆ.

ಎಂಟು ಗಂಟೆಗೆ ಫೋನು: ನೀವು ಸಾಲಿನಲ್ಲಿ ಹತ್ತೊಂಬತ್ತನೆಯವರು.
ಎಂಟೂವರೆಗೆ: ಇವತ್ತಿನದೆಲ್ಲ ಮುಗಿಯಿತು.
ಮರುದಿನವೂ ಅದೇ ಪಿಟೀಲು, ಅದೇ ಹತ್ತೊಂಬತ್ತು.
ಮೂರನೆಯ ದಿನ ನಡೆದೇ ಹೋದೆ, ಅಪ್‌ಲ್ಯಾಂಡ್ಸ್‌ನ ಏರು ಹತ್ತಿ,
ಚಿಪ್ಸಿನ ಕಾಗದಕ್ಕೆ ಜಗಳಾಡುವ ಕಡಲಹಕ್ಕಿಗಳನ್ನು ದಾಟಿ.

ಗಾಜಿನ ಆಚೆ ನೆರಿಸ್.
ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು,
ದಾರ ಕಟ್ಟಿದ ಪೆನ್ನಿನಲ್ಲಿ ಯಾರದೋ ಹೆಸರು ಗೀಚುತ್ತ,
ನನ್ನ ಕಡೆ ನೋಡದೆಯೇ
ಎತ್ತಿದಳು
ಒಂದು ತೋರುಬೆರಳು.

ಅದನ್ನು ನಾನು ಬಲ್ಲೆ.
ಎಣ್ಣೆಜಿಡ್ಡಿನ ಕಲ್ಲಿನಲ್ಲಿ ನೋಡಿದ್ದೆ,
ಅಜ್ಜಿಯ ಸೆರಗಿನಷ್ಟೇ ಎತ್ತರದಿಂದ.
ಗದೆಯ ಜಾಗದಲ್ಲೊಂದು ಸ್ಟೇಪ್ಲರು,
ತೋಳಿನಲ್ಲಿ ಎಳೆ ಬಿಟ್ಟ ನೀಲಿ ಕಾರ್ಡಿಗನ್ನು.

"ಏನು ತೊಂದರೆ?" ಎಂದಳು, ಗಟ್ಟಿಯಾಗಿಯೇ.
ಹಿಂದೆ ಆರು ಜನ ಕೆಮ್ಮು ನಿಲ್ಲಿಸಿ ಕಿವಿಯಾಗಿದ್ದರು.
ಮಾತಿನ ದೇವಿಯ ಹೆಸರು ಹೊತ್ತವಳು
ಬಿಸಿತುಪ್ಪ ಬಾಯಲ್ಲಿಟ್ಟುಕೊಂಡು ನಿಂತೆ.
ಬಲಗೈ ತಾನಾಗಿ ಎಡಗಡೆ ಹೋಗಿ
ಕೋಟಿನ ಮೇಲೆ, ಅಲ್ಲೇ, ನಿಂತಿತು.

ನೆರಿಸ್ ಕನ್ನಡಕ ಹಣೆಗೇರಿಸಿ ಆ ಕೈಯನ್ನು ನೋಡಿದಳು.
ಫೋನಿಗೆ, "ಸ್ವಲ್ಪ ಇರು ಚಿನ್ನ," ಎಂದಳು.
ಮತ್ತೇನೂ ಕೇಳಲಿಲ್ಲ.
ಗಾಜಿನ ಕಿಂಡಿಯಿಂದ ಚೀಟಿ ಜಾರಿ ಬಂತು:
ನಾಳೆ, ಒಂಬತ್ತೂ ಇಪ್ಪತ್ತು.

ರಾತ್ರಿ ಕೂತು ಬರೆದೆ. ಗೆರೆ ಎಣಿಸಿದರೆ ಮೂವತ್ತೂ ಇಲ್ಲ:
ಗಾಜು, ಭುಜದ ಫೋನು, ಎತ್ತಿದ ಬೆರಳು.
ಬೆರಳಿಗೆ ಮಾತ್ರ ತುಸು ಕಲ್ಲಿನ ಬಣ್ಣ ಬೆರೆಸಿದೆ,
ಹಿಂದಿನ ಬೆಂಚಿಗೆ ಅದು ಕಾಣದಿದ್ದರೂ ನಡೆದೀತು.
ಕಳಿಸಿದ ಗಳಿಗೆಗೇ ಹಿಲರಿ ಫೋನು ಮಾಡಿ ನಕ್ಕಳು, ಬಹಳ ನಕ್ಕಳು.
ಆಮೇಲೆ, "ನಮ್ಮಮ್ಮನ ಕಾಲದಲ್ಲೂ ಒಬ್ಬಳಿದ್ದಳು, ಹೀಗೇ,"
ಎಂದವಳು ವಾಕ್ಯ ಮುಗಿಸಲಿಲ್ಲ.

ಒಂಬತ್ತೂ ಹತ್ತಕ್ಕೆ ಮತ್ತೆ ಆ ಗಾಜಿನೆದುರು.
ನಗಲೆಂದು ತುಟಿ ಬಿಚ್ಚಿದೆ. ಅವಳಿಗೆ ಗುರುತು ಹತ್ತಿದಂತಿಲ್ಲ.
"ಹುಟ್ಟಿದ ದಿನಾಂಕ?" ಎಂದಳು,
ಅಷ್ಟರಲ್ಲಿ ಫೋನು ಬಡಿದುಕೊಂಡು
ಬೆರಳು ಆಗಲೇ ಅರ್ಧ ಮೇಲೆ.