ಹಗ್ಗದ ಲೆಕ್ಕ

ಈ ವರ್ಷ ಹಗ್ಗ ಹನ್ನೊಂದು.
ಹೋದ ವರ್ಷ ಹದಿಮೂರಿದ್ದವು.
ಒಂದನ್ನು ಹೆಗ್ಗಣ ಕಡಿಯಿತು,
ಇನ್ನೊಂದರ ಸಂಗತಿ ಆಮೇಲೆ ಹೇಳುತ್ತೇನೆ.
ಟ್ಯೂಬು ಏಳು. ಎಲ್ಲವೂ ಲಾರಿಯವು,
ಪಂಕ್ಚರ್ ಅಂಗಡಿಯ ಇಮ್ದಾದ್ ಸಾಬರು ತೇಪೆ ಹಾಕಿ,
ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಬರುತ್ತದಾ ಎಂದು
ಉಸಿರು ಬಿಗಿಹಿಡಿದು ನೋಡಿ ಕೊಟ್ಟದ್ದು.
ಎಷ್ಟಾಯಿತು ಎಂದು ಕೇಳಿದ್ದಕ್ಕೆ ಬೈಸಿಕೊಂಡೆ.

ನಾನು ಕಾರ್ಯದರ್ಶಿ. ಬಟ್ಟೆ ಹೊಲಿಯುವವಳು.
ಅಕ್ಷರ ದುಂಡಗಿದೆ ಎಂಬುದೊಂದೇ ಅರ್ಹತೆ.
ಸಂಘಕ್ಕೆ ಹೆಸರಿಲ್ಲ, ಬೋರ್ಡಿಲ್ಲ,
ಕೊಪ್ಪಲಿನಲ್ಲಿ ನಮ್ಮನ್ನು ‘ಹಗ್ಗದೋರು’ ಅಂತಾರೆ.
ಒಂಬತ್ತು ಜನ, ತಿಂಗಳಿಗೆ ಇಪ್ಪತ್ತು ರೂಪಾಯಿ.
ದ್ಯಾವಣ್ಣನದು ಸದಾ ಬಾಕಿ,
ಆದರೆ ಈಜು ಬರುವುದು ಅವನೊಬ್ಬನಿಗೇ,
ಹಾಗಾಗಿ ಯಾರೂ ಕೇಳುವುದಿಲ್ಲ.

ಶುರುವಾದದ್ದು ಹೇಗೆಂದು ಹೊಸಬರು ಕೇಳುತ್ತಾರೆ.
ನಾಲೆಯ ತಿರುವಿನಲ್ಲಿ ತಡೆಗೋಡೆ ಇಲ್ಲ.
ಅವತ್ತು ಒಂದು ಕಾರು,
ಕಬ್ಬಿನ ಟ್ರ್ಯಾಕ್ಟರಿಗೆ ಜಾಗ ಬಿಡಲು ಹೋಗಿ.
ಏರಿಯ ಮೇಲೆ ನಲವತ್ತು ಜನ ನಿಂತಿದ್ದೆವು.
ಒಬ್ಬರ ಕೈಯಲ್ಲೂ ಹಗ್ಗವಿರಲಿಲ್ಲ.
ಸೀರೆ ಬಿಚ್ಚಿ ಎಸೆಯಲೇ ಎಂದು ಯೋಚಿಸಿದೆ.
ಯೋಚಿಸುತ್ತಾ ಎಷ್ಟು ಹೊತ್ತು ನಿಂತಿದ್ದೆನೋ
ಇವತ್ತಿಗೂ ನನಗೆ ಗೊತ್ತಿಲ್ಲ.
ನಡಾವಳಿ ಪುಸ್ತಕದಲ್ಲಿ ಅದನ್ನು ಬರೆದಿಲ್ಲ.

ಗೋಡೆಗೆ ಅರ್ಜಿ ಕೊಟ್ಟೆವು. ಕೊಡುತ್ತಲೇ ಇದ್ದೇವೆ.
ಗೋಡೆ ಬರುವವರೆಗೆ ಹಗ್ಗ ಇರಲಿ ಎಂದು
ಏರಿಯುದ್ದಕ್ಕೂ ಕಲ್ಲು ನೆಟ್ಟು, ಗೂಟ ಹೊಡೆದು,
ಇಸ್ಕೂಲು ಮಕ್ಕಳ ಕೈಲಿ ಬಣ್ಣದಲ್ಲಿ ಬರೆಸಿದೆವು:
ಇದು ಎಲ್ಲರದು, ಒಯ್ಯಬೇಡಿ.

ಎಂಟನೇ ಕಲ್ಲಿನ ಹಗ್ಗ ಒಯ್ದದ್ದು ನಿಂಗಾಜಮ್ಮ.
ಸಿಕ್ಕಿದ್ದು ಅವಳ ಎಮ್ಮೆಯ ಕೊರಳಲ್ಲಿ.
ಕೇಳಲು ಹೋದ ಐದೂ ಜನಕ್ಕೆ ಮಜ್ಜಿಗೆ ಕೊಟ್ಟು ಹೇಳಿದಳು:
“ನನ್ನೆಮ್ಮೆ ಹಾಲ ಊರೋರೆಲ್ಲ ಕುಡಿಯಕಿಲ್ವ?
ಎಮ್ಮೇನೂ ಎಲ್ರುದೇ ಕಣ್ರಲಾ.”
ನಮ್ಮಲ್ಲಿ ಉತ್ತರವಿರಲಿಲ್ಲ.
ಲೆಕ್ಕದಲ್ಲಿ ಹೀಗೆ ಬರೆದಿದ್ದೇನೆ: ಎಮ್ಮೆಗೆ, ಒಂದು.
ಈಗ ಅವಳು ಹತ್ತನೆಯ ಸದಸ್ಯೆ.
ಸಂಜೆ ಎಮ್ಮೆ ಹೊಡೆದುಕೊಂಡು ಬರುವಾಗ
ಒಂದೊಂದು ಹಗ್ಗವನ್ನೂ ಜಗ್ಗಿ ನೋಡುತ್ತಾಳೆ,
ಯಾರ ಮೇಲೋ ಸಿಟ್ಟು ತೀರಿಸಿಕೊಳ್ಳುವವಳಂತೆ.

ಮೈಸೂರಿನಿಂದ ಒಬ್ಬರು ಬಂದಿದ್ದರು, ಒಳ್ಳೆಯವರೇ,
ಯಾವುದೋ ಕಂಪನಿಯ ನೆರವಿನ ಫಾರಂ ಹಿಡಿದು.
ಫಲಾನುಭವಿಗಳ ಸಂಖ್ಯೆ ಎಷ್ಟು ಎಂದರು.
ಹೋದ ವರ್ಷ ಒಂದು ಕರು,
ಬಟ್ಟೆ ಒಗೆಯುವಲ್ಲಿ ಜಾರಿದ ಬೋರಮ್ಮನ ಮೊಮ್ಮಗ.
ಈ ವರ್ಷ ಯಾರೂ ಬೀಳಲಿಲ್ಲ.
“ಸೊನ್ನೆ ಬರೆದರೆ ದುಡ್ಡು ಬರೊಲ್ಲಮ್ಮ,”
ಪೆನ್ನು ಎತ್ತಿ ಹಿಡಿದೇ ಹೇಳಿದರು.
ದ್ಯಾವಣ್ಣ ಬೀಡಿ ಆರಿಸಿ ಅಂದ:
“ಸೊನ್ನೇನೇ ಬರೀರಿ ಸಾ. ಒಸಿ ದಪ್ಪಗೆ ಬರೀರಿ.”

ದುಡ್ಡು ಬರಲಿಲ್ಲ.

ಇನ್ನೊಂದು, ಇದು ಲೆಕ್ಕಕ್ಕೆ ಸೇರಿದ್ದಲ್ಲ:
ನಲವತ್ತಾರಕ್ಕೆ ನಾನು ಈಜು ಕಲಿಯುತ್ತಿದ್ದೇನೆ.
ಕೆರೆಯಲ್ಲಿ, ನಸುಕಿನಲ್ಲಿ, ಮಗಳ ಹಳೇ ಚೂಡಿದಾರ ತೊಟ್ಟು.
ದ್ಯಾವಣ್ಣ ದಡದಲ್ಲಿ ಕೂತು
ಕಾಲು ಬಡಿ, ಕಾಲು ಬಡಿ ಎಂದು ಕೂಗುತ್ತಾನೆ,
ಅವನ ಬಾಕಿಗೆ ಅದನ್ನೇ ಜಮಾ ಮಾಡಿಕೊಂಡಿದ್ದೇನೆ.
ನಿನ್ನೆ ಆರು ಮಾರು ಹೋದೆ.
ಏಳನೆಯದಕ್ಕೆ ನೀರು ಕುಡಿದೆ.

ಕೈಯಲ್ಲಿ ಉಳಿದದ್ದು ಮುನ್ನೂರ ನಲವತ್ತು ರೂಪಾಯಿ.
ಆಲೆಮನೆಯವರು ಕೊಟ್ಟ ಬೆಲ್ಲ ಎರಡು ಅಚ್ಚು,
ಅದನ್ನು ಈಗಲೇ ಹಂಚೋಣ.
ಕಟ್ಟೆಯಿಂದ ಇವತ್ತು ರಾತ್ರಿ ನೀರು ಬಿಡುತ್ತಾರಂತೆ.
ಐದನೇ ಕಲ್ಲಿನ ಗಂಟು ಸಡಿಲವಿದೆ
ಎಂದು ನಿಂಗಾಜಮ್ಮ ಹೇಳುತ್ತಾಳೆ.
ಯಾರು ಬರುತ್ತೀರಿ?
ಟಾರ್ಚು ನನ್ನ ಹತ್ತಿರ ಇದೆ.