ಅರವತ್ತು ರೂಪಾಯಿಯ ತಿಂಗಳು

ಹಾಸನದ ಹೊಸಲೈನ್ ರಸ್ತೆಯಲ್ಲಿ
ನನ್ನದು ಮೋಟಾರು ವೈಂಡಿಂಗ್ ಅಂಗಡಿ.
ಸುಟ್ಟ ತಾಮ್ರ ಬಿಚ್ಚುವುದು, ಹೊಸ ತಾಮ್ರ ಸುತ್ತುವುದು,
ಹಗಲಿಗೆ ಅಷ್ಟೇ ಕತೆ.
ಚಂದ್ರ ಕೆಟ್ಟಿದ್ದಾನೆ ನೋಡಿಕೊಡಿ ಅಂತ
ಯಾರೂ ಬಂದವರಲ್ಲ.

ಮೌಲ್ಯ ಹೇಳಿದಳು: ಅಪ್ಪಾ,
ಟ್ಯೂಬ್‌ಲೈಟು ಟಪ್ಪಂತ ಆರಿಸಿದರೆ
ಮೀನು ಗಾಜಿಗೆ ಹಣೆ ಚಚ್ಚಿಕೊಳ್ತವೆ.
ಸಂಜೆ ಅನ್ನೋದೇ ಇಲ್ಲವಲ್ಲ ಪಾಪ ಅವಕ್ಕೆ.
ನಿಂತು ನೋಡಿದೆ. ಹೌದು.

ಹಳೇ ಮೊಬೈಲ್ ಚಾರ್ಜರು ಒಂದು, ನೀಲಿ ಎಲ್‌ಇಡಿ ನಾಲ್ಕು,
ಒಂದು ರೆಸಿಸ್ಟರು, ಅರ್ಧ ಅಡಿ ಪೈಪು.
ಬೆಸುಗೆಯ ಹೊಗೆಗೆ ಕಣ್ಣು ಕಿರಿದು ಮಾಡಿ
ಭಾನುವಾರ ಮಧ್ಯಾಹ್ನ ಊಟವಾದ ಮೇಲೆ
ಚಂದ್ರನನ್ನು ಕಟ್ಟಿದೆ.
ಅರವತ್ತು ರೂಪಾಯಿಗೆ ತಿಂಗಳು! ಎಂದೆ ಜೋರಾಗಿ.
ತಿಂಗಳಿಗೆ ಅರವತ್ತಾ? ಎಂದಳು ಒಳಗಿನಿಂದ ವಿಮಲಾಕ್ಷಿ,
ಯಾವನೋ ಹೊಸ ಕೇಬಲ್ಲಿನವನು ಬಂದನೆಂದುಕೊಂಡು.

ಮೊದಲ ರಾತ್ರಿ ಹುಣ್ಣಿಮೆ ಜಾಸ್ತಿಯಾಯಿತು.
ಪೊಲೀಸ್ ಜೀಪಿನ ನೆತ್ತಿಯ ಹಾಗೆ ನೀಲಿ.
ಟೆಟ್ರಾಗಳೆಲ್ಲ ಗಿಡದ ಬುಡಕ್ಕೆ ಸರಿದು
ಸಾಕ್ಷಿ ಹೇಳಲು ಹೆದರಿದವರಂತೆ ನಿಂತವು.
ಎರಡು ದೀಪ ಕಿತ್ತೆ. ಮಾರನೇ ದಿನ ಇನ್ನೊಂದು.
ಉಳಿದ ಒಂದಕ್ಕೆ
ಬೇಕರಿಯ ಬೆಣ್ಣೆಕಾಗದ, ಎರಡು ಪದರ.
ದೀಪ ಕೂಡಿಸಿದರೆ ಬೆಳಕು, ಅದು ನನಗೆ ಗೊತ್ತಿತ್ತು.
ಕಳೆಯುತ್ತ ಹೋದರೆ ಬೆಳದಿಂಗಳು ಎಂದು
ಯಾವ ಮೇಸ್ತ್ರಿಯೂ ಹೇಳಿಕೊಟ್ಟಿರಲಿಲ್ಲ.

ಮೂರನೇ ರಾತ್ರಿ ನೀರು ಮೈ ಸಡಿಲಿಸಿತು.
ಫಿಲ್ಟರಿನ ಅಲೆ ಮರಳಿನ ಮೇಲೆ
ನಡುಗುವ ಬಲೆಯೊಂದನ್ನು ಹಾಸಿತು,
ಯಾರನ್ನೂ ಹಿಡಿಯದ ಬಲೆ.

ಹೋದ ವರ್ಷ ಕಟ್ಟಿನಕೆರೆ ಮಾರ್ಕೆಟ್ಟಿನ ಹತ್ತಿರ
(ಹೆಸರಿನಲ್ಲಿ ಮಾತ್ರ ಕೆರೆ)
ಅಫ್ರೋಜ್ ಕೊಟ್ಟಿದ್ದ ಮೂರು ಕೂಲಿ ಲೋಚು.
ಹಳದಿ ಕಪ್ಪು ಪಟ್ಟೆ, ಶೂ ಲೇಸಿನಷ್ಟು ಮೈ.
ಬಿಟ್ಟ ದಿನ ಕಂಡದ್ದೇ ಕೊನೆ.
ದುಡ್ಡು ನೀರಿಗೆ ಹಾಕಿದಿರಿ ಎಂದು ನಕ್ಕಿದ್ದಳು ವಿಮಲಾಕ್ಷಿ.
ಸತ್ತವು ಎಂದು ನಾವು ಬರೆದುಕೊಂಡಿದ್ದೆವು.

ಒಂದು ರಾತ್ರಿ, ಚಾರ್ಜರು ಬಿಸಿಯೇರಿದೆಯೋ ಎಂದು ಎದ್ದೆ.
ಎರಡೂಕಾಲು.
ತೊಟ್ಟಿಯ ಮುಂದೆ ಮಣೆ ಹಾಕಿಕೊಂಡು
ಮೊಣಕಾಲಿಗೆ ಗದ್ದ ಊರಿ ಅವಳು.
ತಿರುಗದೆಯೇ ಹೇಳಿದಳು:
ಮೂರೂ ಇವೆ ಕಣ್ರೀ.
ಹನ್ನೆರಡರ ಮೇಲೆ ಕಲ್ಲಿನ ಸಂದಿಯಿಂದ ಬರ್ತವೆ.
ಒಂದಕ್ಕೆ ಬಾಲ ತುಂಡು.

ಹನ್ನೆರಡರ ಮೇಲೆ ಅಂತ ನಿನಗೆ ಹೇಗೆ
ದಿನಾ ಏಳ್ತೀನಲ್ಲ, ಎಂದಳು. ಮೌಲ್ಯ ಹುಟ್ಟಿದಾಗಿಂದ.
ಮೊದಲು ಅಡುಗೆಮನೇಲಿ ಕೂರ್ತಿದ್ದೆ, ದೀಪ ಹಾಕದೆ.
ನಿಮಗೆ ಬೆಳಗ್ಗೆ ಅಂಗಡಿ.

ಹದಿಮೂರು ವರ್ಷ.
ಸುಟ್ಟ ಮೋಟಾರನ್ನು ಮೂಗಿನಲ್ಲೇ ಗುರುತಿಸುವವನು ನಾನು.
ಯಾವ ಕಾಯಿಲು ಎಲ್ಲಿ ಶಾರ್ಟು ಎಂದು
ಬಿಚ್ಚುವ ಮೊದಲೇ ಹೇಳುವವನು.
ಪಕ್ಕದ ಚಾಪೆ ತಣ್ಣಗಾಗುತ್ತಿದ್ದುದು
ನನ್ನ ಮೀಟರಿಗೆ ಸಿಕ್ಕಿರಲಿಲ್ಲ.

ಯಾಕೆ ಎಂದು ಕೇಳಬೇಕಿತ್ತು.
ಬಾಲ ತುಂಡಾದದ್ದು ಯಾವುದು, ಎಂದು ಕೇಳಿದೆ.
ಗಾಜಿಗೆ ತಾಗಿಸದೆ ಬೆರಳು ತೋರಿಸಿದಳು.
ಮರಳು ಮುಕ್ಕಳಿಸುತ್ತ, ಉಗುಳುತ್ತ,
ಬದುಕಿಯೇ ಇದ್ದದ್ದನ್ನು ಯಾರಿಗೂ ಹೇಳದ ಮೀನು
ಅವಳ ಬೆರಳಿನ ನೆರಳಲ್ಲಿ ಹಾದುಹೋಯಿತು.

ನಿನ್ನೆ ಕ್ಯಾಲೆಂಡರಿನಲ್ಲಿ ಕಪ್ಪು ಉಂಡೆ.
ಅವಕ್ಕೂ ಒಂದು ಅಮಾಸೆ ಇರಲಿ, ಆರಿಸಿಬಿಡಿ, ಎಂದಳು.
ಆರಿಸಿದೆ.
ಇನ್ನೊಂದು ಮಣೆಗೆ ತಡಕಾಡಿದೆ, ಸಿಗಲಿಲ್ಲ,
ನೆಲಕ್ಕೇ ಕೂತೆ. ನೆಲ ತಣ್ಣಗೆ ಕೊರೆಯುತ್ತಿತ್ತು.
ಎಲ್ಲೋ ಗುಳುಗುಳು ನೀರು.
ಬಹಳ ಹೊತ್ತಿನ ಮೇಲೆ ಕತ್ತಲು ಗಂಟಲು ಸರಿಮಾಡಿಕೊಂಡು,
ಮೌಲ್ಯ ಹುಟ್ಟಿದ ವರ್ಷ, ಎಂದು ಶುರುಮಾಡಿತು.